ಗುಡದಪ್ಪನ ಸ್ಟೇಷನ್ ಚಹಾ

ಮನುಷ್ಯರನ್ನು ಅಳೆಯಲು ಗುಡದಪ್ಪನಿಗೆ ಒಂದು ನೋಟ ಸಾಕಿತ್ತು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಇಪ್ಪತ್ತೆರಡು ವರ್ಷ ಹಮಾಲಿ ಮಾಡಿದವನು, ಚೀಲದ ಬಾಯಿ ಬಿಚ್ಚುವ ಮೊದಲೇ ಒಳಗಿನ ಕಾಯಿ ಕಡ್ಡಿ ತಳಿಯೋ ಡಬ್ಬಿ ತಳಿಯೋ ಹೇಳಿಬಿಡುತ್ತಿದ್ದ. ಆ ವಿದ್ಯೆಯನ್ನು ಮೆಣಸಿನಕಾಯಿಗಷ್ಟೇ ಬಿಟ್ಟಿದ್ದರೆ ಚೆನ್ನಾಗಿತ್ತು. ತೂಕ ಮಾಡುವ ಪ್ರೇಮಕುಮಾರ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟ. ಅವನು ‘ಮನಿ ಮುರಿಯೂ ಪೈಕಿ’. ತೊಟ್ಟು ಬಿಡಿಸಲು ಬರುವ ಮೈಲವ್ವ ಗಂಡ ಸತ್ತ ಮೇಲೂ ಹೂ ಮುಡಿದಳು. ‘ಆಕಿ ಸುದ್ದಿ ಬ್ಯಾಡ’. ದಲಾಲಿ ಅಂಗಡಿಯ ಗುಮಾಸ್ತನಾದ ನಾನು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕದಲ್ಲಿ ಬಂದ ದಿನ, ‘ಮಂದಿ ಕಣ್ಣಾಗ ಕಣ್ಣಿಟ್ಟು ನೋಡಾಕ ಅಂಜಾಂವ’ ಎಂದು ನನಗೂ ಒಂದು ಚೀಟಿ ಅಂಟಿಸಿದ. ಕನ್ನಡಕವನ್ನು ವಾರದಲ್ಲಿ ತೆಗೆದೆ. ಚೀಟಿ ಇನ್ನೂ ಹಾಗೇ ಇದೆ.

ಹಾಗಂತ ಆಳು ಕೆಟ್ಟವನಲ್ಲ. ಭಾನುವಾರ ತಪ್ಪದೆ ದೇವರಗುಡ್ಡಕ್ಕೆ ಹೋಗಿ ಹಣೆ ತುಂಬ ಅರಿಸಿನದ ಭಂಡಾರ ಬಳಿದುಕೊಂಡು ಬರುತ್ತಿದ್ದ. ಬೀಡಿ ಇಲ್ಲ, ತಂಬಾಕು ಇಲ್ಲ. ಸಾರಾಯಿ ಕುಡಿದವನು ಎದುರಾದರೆ ಉಗುಳಿ ದಾಟುತ್ತಿದ್ದ. ಇದ್ದ ಚಟ ಒಂದೇ, ದಿನಕ್ಕೆ ಮೂರು ಚಹಾ.

ನಮ್ಮ ಅಂಗಡಿಯ ಎದುರಿಗೇ ಶಮಶೇರಸಾಬನ ಚಹಾ ಅಂಗಡಿ. ಪೇಟೆಯ ಹಮಾಲರೆಲ್ಲ ಅಲ್ಲಿಯೇ ಕುಡಿಯುವುದು. ಗುಡದಪ್ಪ ಮಾತ್ರ, ‘ಸಾಬರ ಕೈಯಾಗಿನ ಚಾ ಕುಡದ್ರ ಹಣಿಮ್ಯಾಲಿನ ಭಂಡಾರಕ್ಕ ಏನ್ ಕಿಮ್ಮತ್ತು?’ ಎಂದು ಹೆಗಲ ವಸ್ತ್ರ ಕೊಡವಿ, ಬಿಸಿಲಲ್ಲಿ ಅರ್ಧ ಮೈಲು ನಡೆದು, ಸ್ಟೇಷನ್ ಹತ್ತಿರ ಅವನ ಕುಲದವರೇ ಇಟ್ಟಿದ್ದ ಅಂಗಡಿಗೆ ಹೋಗುತ್ತಿದ್ದ. ಆ ಅಂಗಡಿಗೆ ಹಾಲು ಬರುತ್ತಿದ್ದುದು ಶಮಶೇರಸಾಬನ ತಂಗಿ ರಹಿಮತಬಿಯ ಎಮ್ಮೆಗಳಿಂದ. ಇಡೀ ಪೇಟೆಗೆ ಗೊತ್ತಿದ್ದ ಸಂಗತಿ ಅದು. ಇಷ್ಟು ದೂರ ನಡೆದು ಸಂಪಾದಿಸಿದ ಪುಣ್ಯವನ್ನು ಕೆಡಿಸುವುದು ಬೇಡವೆಂದು ನಾವು ಯಾರೂ ಬಾಯಿ ಬಿಡಲಿಲ್ಲ.

ಇದು 2004ರ ಮಾತು. ಗುಡದಪ್ಪನ ಮಗಳು ಜ್ಯೋತಿಲಕ್ಷ್ಮಿಗೆ ಆಗ ವರ ಹುಡುಕುತ್ತಿದ್ದರು. ಎರಡು ಸಂಬಂಧಗಳು ಬಂದು, ಹುಡುಗಿಯನ್ನು ಒಪ್ಪಿ, ಆಮೇಲೆ ಯಾಕೋ ಸುದ್ದಿಯಿಲ್ಲದೆ ತಣ್ಣಗಾಗಿದ್ದವು. ಮೂರನೆಯದು ಕುಪ್ಪೇಲೂರಿನದು. ಹುಡುಗ ಯುವರಾಜ ರಾಣೆಬೆನ್ನೂರಿನಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ. ಹುಡುಗಿಗೂ ಮನಸ್ಸಾಗಿತ್ತು. ಇದೂ ತಪ್ಪಿದರೆ ಅವಳಲ್ಲೇ ಏನೋ ಐಬು ಇದೆ ಎಂದು ಜನ ಆಡಿಕೊಳ್ಳುತ್ತಾರೆ. ಜನ ಹೇಗೆ ಆಡಿಕೊಳ್ಳುತ್ತಾರೆ ಎಂಬುದು ಗುಡದಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನಿಗೆ ಊಟ ಸೇರದಂತಾಗಿತ್ತು.

ನಮ್ಮ ಕಡೆ ಹೆಣ್ಣು ನೋಡಿ ಹೋದ ಮೇಲೆ, ಮಾತು ಕೊಡುವ ಮುಂಚೆ, ಗಂಡಿನ ಕಡೆಯ ಹಿರಿಯರೊಬ್ಬರು ಗುಟ್ಟಾಗಿ ಬಂದು ಬೀಗರಾಗುವವರ ನಡತೆ ವಿಚಾರಿಸಿಕೊಂಡು ಹೋಗುತ್ತಾರೆ. ಹಾಗೆ ಬಂದವನು ಯುವರಾಜನ ಸೋದರಮಾವ ನಿಜಲಿಂಗಪ್ಪ. ಬೆಳಗಿನಿಂದ ಪೇಟೆಯಲ್ಲಿ ಸುತ್ತಾಡಿ, ಗುಡದಪ್ಪನನ್ನು ದೂರದಿಂದಲೇ ನೋಡಿ, ಸೀನುತ್ತ ಕೆಮ್ಮುತ್ತ ಮಧ್ಯಾಹ್ನ ಶಮಶೇರಸಾಬನ ಅಂಗಡಿಗೆ ಬಂದು ಕುಳಿತ. ನಾನೂ ಅದೇ ಬೆಂಚಿನ ಮೇಲಿದ್ದೆ.

ಎರಡನೇ ಕಪ್ಪು ಕೈಗೆ ಬರುವ ಹೊತ್ತಿಗೆ ಅವನ ಬಾಯಿ ತೆರೆಯಿತು. ‘ಮುಂಜಾನಿಂದ ನೋಡಾಕತ್ತೇನಿ. ಆ ಗುಡದಪ್ಪನ ಕಣ್ಣು ಕೆಂಡ ಆಗ್ಯಾವು. ಎರಡು ಸಲ ಸ್ಟೇಷನ್ ಕಡೆ ಹೋಗಿ ಬಾಯಿ ಒರಿಸಿಕೊಂತ ಬಂದಾನ. ಆ ದಾರ್‍ಯಾಗ ಸಾರಾಯಿ ಅಂಗಡಿ ಐತಿ, ನಾ ನೋಡೇನಿ. ಇಂಥಾ ಕುಡುಕನ ಮನಿ ಹೆಣ್ಣು ನಮಗ ಬ್ಯಾಡ.’

ಹಿಂದಿನ ಎರಡು ಸಂಬಂಧ ಯಾಕೆ ತಣ್ಣಗಾದವು ಎಂಬುದು ನನಗೆ ಆಗ ಹೊಳೆಯಿತು.

ಶಮಶೇರಸಾಬ ನಕ್ಕ. ‘ಕಣ್ಣು ಕೆಂಪ ಆಗಿದ್ದು ಮೆಣಸಿನಕಾಯಿ ಘಾಟಿಗೆ ರಿ ಯಜಮಾನ್ರ. ಅಲ್ಲಿ ಕನ್ನಡಿ ಐತಿ, ನಿಮ್ಮವೂ ಒಮ್ಮೆ ನೋಡ್ಕೋರಿ. ನೀವೆಷ್ಟು ಬಾಟ್ಲಿ ಇಳಿಸಿ ಬಂದೀರಿ?’

ನಿಜಲಿಂಗಪ್ಪ ಕನ್ನಡಿ ನೋಡಿಕೊಂಡು ಬೆಚ್ಚಿದ. ಆದರೂ ಬಿಡಲಿಲ್ಲ. ‘ಕಣ್ಣಿಂದು ಇರಲಿ. ಸ್ಟೇಷನ್ ಕಡೆ ಯಾಕ ಹೋಗ್ತಾನ?’

‘ಚಾ ಕುಡಿಯಾಕ.’

‘ಖರೇ ಹೇಳ್ರಿ. ಇಷ್ಟು ಚಲೋ ಚಾ ಎದುರಿಗೆ ಇಟ್ಟುಕೊಂಡು ಯಾಂವರ ಅಷ್ಟು ದೂರ ಹೋಗ್ತಾನೇನು?’

ಬೆಂಚಿನ ಮೇಲೆ ಏಳೆಂಟು ಜನ ಇದ್ದೆವು. ಉತ್ತರ ಎಲ್ಲರಿಗೂ ಗೊತ್ತಿತ್ತು. ನಾನೇ ಹೇಳಬಹುದಿತ್ತು, ನಾಚಿಕೆಯಾಯಿತು. ಶಮಶೇರಸಾಬ ಒಲೆ ಸಣ್ಣಗೆ ಮಾಡಿ, ಕೈ ಒರೆಸಿಕೊಂಡು ಹೇಳಿದ.

‘ನಾ ಸಾಬರಾಂವ ಅಂತ ನನ್ನ ಕೈಯಾಗಿನ ಚಾ ಕುಡಿಯೂದಿಲ್ರಿ ಅವ್ರು. ಇಷ್ಟು ವರ್ಷದಾಗ ಒಂದು ಸಲನೂ ಕುಡದಿಲ್ಲ. ಸಾರಾಯಿ ಮುಟ್ಟಿದ ಮನಷ್ಯಾ ಅಲ್ಲ. ಮಗಳು ಬಂಗಾರದಂಥಾಕಿ. ಬಿಡಬ್ಯಾಡ್ರಿ.’

ತಾನು ಪಟ್ಟ ಅವಮಾನವನ್ನು ಅಷ್ಟು ಜನರ ಮುಂದೆ ಸಾಕ್ಷಿಯಾಗಿ ಇಟ್ಟು ಅವನು ಗುಡದಪ್ಪನ ಮಾನ ಉಳಿಸಿದ. ನಿಜಲಿಂಗಪ್ಪನ ಮುಖ ಅರಳಿತು. ‘ಅಂದ್ರ ಭಾಳ ಆಚಾರದ ಮನಷ್ಯಾ ಅನ್ರಿ!’ ಎಂದವನು, ತನ್ನ ಕೈಯಲ್ಲಿದ್ದ ಕಪ್ಪನ್ನು ಒಮ್ಮೆ ನೋಡಿದ, ನಮ್ಮನ್ನೊಮ್ಮೆ ನೋಡಿದ. ಕಪ್ಪಿನಲ್ಲಿ ಇನ್ನೂ ಅರ್ಧ ಇತ್ತು. ಗಟಗಟ ಕುಡಿದು ಎದ್ದುಹೋದ.

ಮೂರು ದಿನಕ್ಕೆ ಕುಪ್ಪೇಲೂರಿನಿಂದ ಒಪ್ಪಿಗೆ ಬಂತು. ಪೇಟೆಗೆಲ್ಲ ಪೇಢೆ ಹಂಚುತ್ತಿದ್ದ ಗುಡದಪ್ಪನನ್ನು ಪಕ್ಕಕ್ಕೆ ಕರೆದು, ಒಂದು ಅಕ್ಷರ ಬಿಡದೆ ಎಲ್ಲ ಹೇಳಿದೆ. ಅವನು ಪೇಢೆಯ ಡಬ್ಬಿ ಮುಚ್ಚಿ ನಿಂತೇ ಇದ್ದ.

ಮಧ್ಯಾಹ್ನ ಚಹಾದ ಹೊತ್ತಿಗೆ ಸ್ಟೇಷನ್ ದಾರಿ ಹಿಡಿದವನು ಹತ್ತು ಹೆಜ್ಜೆ ಹೋಗಿ ತಿರುಗಿ ಬಂದ. ನಮ್ಮ ಬೆಂಚಿನ ತುದಿಗೆ ಕುಳಿತ.

‘ಸಾಬ್ರ, ಒಂದು ಚಾ ಕೊಡ್ರಿ.’

ಶಮಶೇರಸಾಬ ಏನೂ ವಿಶೇಷ ನಡೆದಿಲ್ಲವೆಂಬಂತೆ ಎಲ್ಲರಿಗೂ ಕೊಡುವ ಕಪ್ಪಿನಲ್ಲೇ ಕೊಟ್ಟ. ಗುಡದಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕುಡಿಯಲಿಲ್ಲ.

‘ಹೋದ ವರ್ಷ ಕೋಲ್ಡ್ ಸ್ಟೋರೇಜಿನ ಮಾಲಕರು ನಿಮ್ಮ ಮಗ ಅಬ್ರಾರನ್ನ ಕೆಲಸಕ್ಕ ತಗೊಳ್ಳೂಕಿಂತ ಮೊದಲ ನನ್ನ ಕೇಳಿದ್ರು, ಹುಡುಗ ಹೆಂಗ ಅಂತ,’ ಎಂದ ತಲೆ ಎತ್ತದೆ. ‘ನನಗ ಅವನ ಬಗ್ಗೆ ಏನೂ ಗೊತ್ತಿರಲಿಲ್ರಿ. ಆದ್ರೂ ಆ ಮಂದಿ ಬ್ಯಾಡ್ರಿ ಅಂದ್ನಿ.’

ಅಬ್ರಾರ ಊರಲ್ಲಿ ಕೆಲಸ ಸಿಗದೆ ದಿನಾ ಬಸ್ಸು ಹಿಡಿದು ಹಾವೇರಿಗೆ ಹೋಗುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಯಾಕೆ ಸಿಗಲಿಲ್ಲ ಎಂಬುದು ಗೊತ್ತಿರಲಿಲ್ಲ.

‘ಗೊತ್ತೈತ್ರಿ,’ ಎಂದ ಶಮಶೇರಸಾಬ. ‘ಮಾಲಕರು ಅವತ್ತ ಹೇಳಿದ್ರು. ಚಾ ಆರಾಕತ್ತೈತಿ, ಕುಡೀರಿ.’