ಮುಖ ತೊಳೆದು ಬನ್ನಿ

ಕೊರೋನದ ಎರಡನೇ ಅಲೆಯ ಹೊತ್ತಿಗೆ ನಾನು ಬೈಕಂಪಾಡಿಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಆಹಾರದ ಕಾರ್ಖಾನೆ ಎಂದು ಸರಕಾರ ನಮಗೆ ಬಾಗಿಲು ತೆರೆಯಲು ಅನುಮತಿ ಕೊಟ್ಟಿತ್ತು, ಜೊತೆಗೆ ಷರತ್ತುಗಳ ಉದ್ದ ಪಟ್ಟಿಯನ್ನೂ ಕೊಟ್ಟಿತ್ತು. ಅರ್ಧ ಜನ, ಮೂಗಿನ ಮೇಲೆ ಮಾಸ್ಕ್, ಗೇಟಿನಲ್ಲೇ ಜ್ವರ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು. ಜ್ವರ ಇದ್ದವರನ್ನು ಒಳಗೆ ಬಿಡುವಂತಿಲ್ಲ, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಗೇಟಿನ ಕೆಲಸ ನನ್ನ ಪಾಲಿಗೆ ಬಂತು. ಸುಳ್ಳು ಯಾಕೆ, ನನಗೆ ಖುಷಿಯೇ ಆಗಿತ್ತು. ಮನೆಯಲ್ಲಿ ಚಪ್ಪಲಿ ಸಾಲಾಗಿ ಇಡದಿದ್ದರೂ ಸಿಡುಕುವವನು ನಾನು. ಕೈಗೆ ಜ್ವರ ನೋಡುವ ಪಿಸ್ತೂಲು ಸಿಕ್ಕಿದ ಮೇಲೆ ಕೇಳಬೇಕೆ! ಮಾಸ್ಕ್ ಜಾರಿದ್ದಕ್ಕೆ ಮಾಲೀಕರ ಅಳಿಯನನ್ನೇ ಗೇಟಿನ ಹೊರಗೆ ನಿಲ್ಲಿಸಿದ್ದೆ. ಹೆಂಗಸರು ಬೆನ್ನ ಹಿಂದೆ ನನ್ನನ್ನು ಇನ್‌ಸ್ಪೆಕ್ಟರ್ ಎನ್ನುತ್ತಿದ್ದರಂತೆ.

ಆದರೆ ಆ ಪಿಸ್ತೂಲು ನಮ್ಮ ಊರಿನ ಬಿಸಿಲಿಗೆ ಹೇಳಿ ಮಾಡಿಸಿದ್ದಲ್ಲ. ಹೆದ್ದಾರಿಯಿಂದ ನಡೆದು ಬಂದವರ ಹಣೆಗೆ ಹಿಡಿದರೆ ಎಲ್ಲರಿಗೂ ಜ್ವರ. ಪರಿಶೀಲನೆಗೆ ಬಂದ ಆರೋಗ್ಯ ಇಲಾಖೆಯವರೇ, ನೆರಳಿನಲ್ಲಿ ಸ್ವಲ್ಪ ಕೂರಿಸಿ ಮತ್ತೆ ನೋಡಿ ಎಂದರು. ಅದಕ್ಕೆ ನಾನು ನನ್ನದೊಂದು ಒಗ್ಗರಣೆ ಹಾಕಿದೆ. ಗೇಟಿನ ಒಳಗೆ ಬೆಂಚು, ಬೆಂಚಿನ ಮೇಲೆ ಫ್ಯಾನು, ಪಕ್ಕದಲ್ಲಿ ನೀರಿನ ಡ್ರಮ್ಮು. ಅಂಕಿ ಹೆಚ್ಚು ಬಂದವರಿಗೆಲ್ಲ ಒಂದೇ ಮಾತು: "ಮುಖ ತೊಳೆದು ಬನ್ನಿ." ಹತ್ತು ನಿಮಿಷ ಬಿಟ್ಟು ನೋಡಿದರೆ ತೊಂಬತ್ತೇಳು. ರಿಜಿಸ್ಟರಿನಲ್ಲಿ ಎರಡನೇ ಅಂಕಿ ಮಾತ್ರ ಬರೆಯುವುದು. ಹಣೆಗೆ ತಣ್ಣೀರು ಬಿದ್ದರೆ ನಿಜವಾದ ಜ್ವರವೂ ಪಿಸ್ತೂಲಿಗೆ ಕಾಣುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಸಿಪ್ಪೆ ತೆಗೆದ ಬೀಜವನ್ನು ಗಾತ್ರ, ಬಣ್ಣ ನೋಡಿ ಬೇರೆ ಮಾಡುವ ವಿಭಾಗದಲ್ಲಿ ನನ್ನದೇ ಪ್ರಾಯದ ಒಬ್ಬ ಹೆಂಗಸಿದ್ದರು. ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅವರ ಕೈಯಿಂದ ಒಂದು ಒಡಕು ಬೀಜವೂ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಅವರು ಗೇಟಿನಿಂದ ದೂರದಲ್ಲೇ ನಿಂತರು.

"ಸಾರ್, ನಿನ್ನೆಯಿಂದ ಮೈ ಬಿಸಿ ಉಂಟು. ಗಂಟಲು ಕೂಡ ಒಂಥರಾ ಆಗ್ತದೆ. ಹೇಳಿ ಹೋಗುವ ಅಂತ ಬಂದೆ."

ಪಿಸ್ತೂಲು ಹಿಡಿದೆ. ನೂರು ದಾಟಿತ್ತು.

"ಎಂತ ಇಲ್ಲ ಅಕ್ಕ, ಬಿಸಿಲಿಗೆ. ಮುಖ ತೊಳೆದು ಬನ್ನಿ."

"ಬಿಸಿಲು ಎಲ್ಲಿ ಉಂಟು ಸಾರ್?"

ನಿಜ. ಅಂದು ಬೆಳಗಿನಿಂದಲೇ ಮೋಡ ಕವಿದಿತ್ತು.

"ಮಾರಾಯ್ರೆ, ಗುರುವಾರ ಕಂಟೇನರ್ ಹೋಗ್ಬೇಕು. ನಿಮ್ಮ ಜಾಗದಲ್ಲಿ ನಾನು ಯಾರನ್ನು ಕೂರಿಸುದು? ಮೂರು ದಿನ ಹೇಗಾದ್ರೂ ಸುಧಾರಿಸಿ."

ಅವರು ಡ್ರಮ್ಮಿನ ಹತ್ತಿರ ಹೋದರು. ಎರಡು ಸಲ ಮುಖ ತೊಳೆಯಬೇಕಾಯಿತು. ನಾನು ತೊಂಬತ್ತೇಳು ಪಾಯಿಂಟ್ ಎಂಟು ಎಂದು ಬರೆದೆ, ಅವರು ಪಕ್ಕದಲ್ಲಿ ಸಹಿ ಹಾಕಿದರು.

ಅವರ ಮೇಜಿನಲ್ಲೇ ಕೂರುತ್ತಿದ್ದ ಇನ್ನೊಬ್ಬ ಹೆಂಗಸು ಅವರ ಗೆಳತಿ. ಇಬ್ಬರದೂ ಕೂಳೂರಿನ ಒಂದೇ ಓಣಿ. ಗೆಳತಿಗೆ ಗಂಡನಿಲ್ಲ, ಸಕ್ಕರೆ ಕಾಯಿಲೆ ಇತ್ತು, ಒಬ್ಬಳೇ ಮಗಳು. ಗುರುವಾರ ಕಂಟೇನರ್ ಹೊರಟಿತು. ಶುಕ್ರವಾರ ಅಕ್ಕ ಪರೀಕ್ಷೆ ಮಾಡಿಸಿಕೊಂಡರು, ಪಾಸಿಟಿವ್. ಮರುವಾರ ಗೆಳತಿ ಆಸ್ಪತ್ರೆ ಸೇರಿದರು. ಅಕ್ಕ ಗುಣವಾದರು, ಗೆಳತಿ ತೀರಿಕೊಂಡರು. ಮಗಳಿಗೆ ತಾಯಿಯ ಮುಖವನ್ನು ದೂರದಿಂದ ಒಮ್ಮೆ ತೋರಿಸಿದರಂತೆ, ಅಷ್ಟೆ. ನನಗೆ ನೆಗಡಿ ಕೂಡ ಆಗಲಿಲ್ಲ.

ಇಲಾಖೆಯವರು ವಿಚಾರಣೆಗೆ ಬಂದರು. ರಿಜಿಸ್ಟರ್ ತೆರೆದಿಟ್ಟ ಮೇಜಿನ ಒಂದು ಬದಿ ನಾನು, ಮಾಲೀಕರು. ಬಾಗಿಲ ಹತ್ತಿರ ಇನ್ನೂ ಸುಸ್ತು ಇಳಿಯದ ಅಕ್ಕ. "ಜ್ವರ ಇದೆ ಅಂತ ಇವರು ನಿಮಗೆ ಹೇಳಿದ್ರಾ?" ಎಂದು ಅಧಿಕಾರಿ ಕೇಳಿದರು.

"ಇಲ್ಲ" ಎಂದೆ.

ಅಷ್ಟಕ್ಕೆ ನಿಲ್ಲಿಸಿದ್ದರೂ ಒಂದು ಮಾತಿತ್ತು. ಯಾರೂ ಕೇಳದೆಯೇ, "ಮಾತ್ರೆ ನುಂಗಿ ಬಂದಿರಬೇಕು ಸಾರ್, ಹಾಗೆ ಬಂದರೆ ನಮಗೆ ಗೊತ್ತಾಗುವುದಿಲ್ಲ" ಎಂದೂ ಸೇರಿಸಿದೆ. ಅಕ್ಕ ನನ್ನನ್ನು ನೋಡಿದರು. ಬಾಯಿ ಬಿಡಲಿಲ್ಲ. ಬಿಟ್ಟರೂ ನನ್ನ ಅಕ್ಷರದ ಅಂಕಿಯ ಪಕ್ಕ ಅವರದೇ ಸಹಿ ಇತ್ತಲ್ಲ. ಕಾರ್ಖಾನೆಗೆ ಬೀಗ ಬಿದ್ದರೆ ಇಷ್ಟು ಹೆಂಗಸರ ಹೊಟ್ಟೆಪಾಡು ಏನಾಗಬೇಕು ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಗಳಿಗೆಯಲ್ಲಿ ನಾನು ಹೆಂಗಸರನ್ನು ನೆನೆದಿರಲಿಲ್ಲ, ನನ್ನನ್ನು ಮಾತ್ರ ನೆನೆದಿದ್ದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ನಿಯಮ ಪಾಲಿಸಿದ್ದಕ್ಕೆ ಆ ವರ್ಷ ಮಾಲೀಕರು ನನಗೆ ಶಾಲು ಹೊದೆಸಿದರು, ನಾನು ಹೊದೆಸಿಕೊಂಡೆ.

ಅಕ್ಕ ಮತ್ತೆ ಕೆಲಸಕ್ಕೆ ಬರಲಿಲ್ಲ. ಜ್ವರ ಮುಚ್ಚಿಟ್ಟು ಗೆಳತಿಯನ್ನು ಕೊಂದವಳು ಎಂದು ಓಣಿಯಲ್ಲಿ ಅವರ ಮನೆಗೆ ಯಾರೂ ಕಾಲಿಡುತ್ತಿಲ್ಲವೆಂದು ಕೇಳಿದೆ. ಕಾರ್ಖಾನೆಯಲ್ಲಿ ಯಾರಾದರೂ ಜ್ವರ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಕಳೆದ ವರ್ಷ ನನ್ನ ಮಗಳ ಕಾಲೇಜಿನ ಕೆಲಸಕ್ಕೆಂದು ಬಲ್ಮಠಕ್ಕೆ ಹೋದಾಗ ಚಾ ಕುಡಿಯಲು ಒಂದು ಹೋಟೆಲಿಗೆ ಹೊಕ್ಕೆ. ಮೇಜು ಒರೆಸಲು ಬಂದವರು ಅಕ್ಕ. ತಲೆ ಪೂರ್ತಿ ಬೆಳ್ಳಗಾಗಿತ್ತು. "ಸಾರ್, ಚಾ ಮಾತ್ರ ಸಾಕಾ? ಬನ್ಸ್ ಬಿಸಿ ಉಂಟು" ಎಂದರು, ಏನೂ ಆಗದವರಂತೆ.

"ಅಕ್ಕ, ಅವತ್ತು ನಾನು ಹೇಳಿದ್ದು ಸುಳ್ಳು. ನಿಮಗೆ ಅನ್ಯಾಯ ಮಾಡಿದೆ" ಎಂದೆ.

ಅವರು ಒರೆಸುತ್ತಲೇ ಇದ್ದರು. "ಅದನ್ನು ನನ್ನ ಹತ್ರ ಹೇಳಿ ಎಂತ ಪ್ರಯೋಜನ ಸಾರ್? ನನಗೆ ಗೊತ್ತುಂಟಲ್ಲ. ಅವಳ ಮಗಳ ಹತ್ರ ಹೇಳಿ. ಆ ಹುಡುಗಿಯನ್ನು ನಾನು ಎತ್ತಿ ಆಡಿಸಿದ್ದು. ಈಗ ನನ್ನನ್ನು ಕಂಡ್ರೆ ರಸ್ತೆ ದಾಟಿ ಆಚೆ ಹೋಗ್ತಾಳೆ."

ಭಾನುವಾರ ಆಕೆ ಮನೆಯಲ್ಲಿರುತ್ತಾಳೆ ಎಂದೂ ಹೇಳಿದರು. ನಾಲ್ಕು ಭಾನುವಾರ ನೆಪ ಹುಡುಕಿದೆ. ಐದನೆಯದಕ್ಕೆ ಹೋದೆ.

ಗೆಳತಿಯ ಮಗಳು ನನ್ನನ್ನು ಕಂಡದ್ದೇ ಗುರುತು ಹಿಡಿದಳು. "ಸಾರ್, ನೀವಾ! ಬನ್ನಿ ಬನ್ನಿ, ಕೂತ್ಕೊಳ್ಳಿ." ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ತಂದಿಟ್ಟಳು. "ಅಮ್ಮ ಯಾವಾಗ್ಲೂ ಹೇಳ್ತಿದ್ರು, ಗೇಟಿನಲ್ಲಿ ಸಾರ್ ಇರುವಾಗ ನನಗೆ ಎಂತ ಹೆದರಿಕೆ ಅಂತ. ನೀವು ಅಷ್ಟು ಜಾಗ್ರತೆ ಮಾಡಿದ್ರಿ, ಎಂತ ಮಾಡುದು, ಆ ಹೆಂಗಸು ಮೋಸ ಮಾಡಿತು. ಅಮ್ಮನ ವರ್ಷದ ಕಾರ್ಯಕ್ಕೆ ಬಂದಿತ್ತು. ನಾನು ಮೆಟ್ಟಿಲು ಹತ್ತಲು ಬಿಡ್ಲಿಲ್ಲ."

ಹೇಳಬೇಕಾದ ಮಾತನ್ನು ನಾನು ಬಸ್ಸಿನಲ್ಲಿ ಹತ್ತು ಸಲ ಕಟ್ಟಿಕೊಂಡು ಬಂದಿದ್ದೆ. ಬಾಯಿ ತೆರೆದೆ. ಗೋಡೆಯ ಮೇಲೆ ಆಕೆಯ ತಾಯಿಯ ಫೋಟೊ, ಎದುರಿಗೆ ನನ್ನನ್ನು ಅಷ್ಟು ನಂಬಿ ನೋಡುತ್ತಿರುವ ಹುಡುಗಿ. "ನೀನು ಚೆನ್ನಾಗಿದ್ದೀಯಲ್ಲ ಮಗಾ, ಅಷ್ಟು ಸಾಕು" ಎಂದೆ. ಬೆಲ್ಲ ತಿಂದೆ. ನೀರು ಕುಡಿದೆ. ಮೆಟ್ಟಿಲವರೆಗೆ ಬಂದು ಕಳಿಸಿಕೊಟ್ಟಳು.

ನಾಲ್ಕು ಮನೆ ದಾಟಿದರೆ ಅಕ್ಕನ ಮನೆ. ಅವರು ಬಾಗಿಲಲ್ಲೇ ನಿಂತಿದ್ದರು. ನಾನು ಯಾವ ಮನೆಯಿಂದ ಹೊರಗೆ ಬಂದೆನೆಂದು ನೋಡಿದ್ದರು.

"ಹೇಳಿದ್ರಾ ಸಾರ್?"

"ಹೇಳಿದೆ" ಎಂದೆ.

ಅಷ್ಟು ವರ್ಷಗಳಲ್ಲಿ ಆ ಮುಖ ಅರಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಹಾಗಾದ್ರೆ ನಾನು ಒಮ್ಮೆ ಹೋಗಿ ಬರ್ತೇನೆ" ಎಂದವರೇ ಚಪ್ಪಲಿ ಮೆಟ್ಟಿಕೊಂಡು, ಸೆರಗು ಸರಿಮಾಡಿಕೊಳ್ಳುತ್ತಾ ಆ ಮನೆಯ ಕಡೆಗೆ ಹೊರಟರು. ನಾನು ಅವರನ್ನು ಕರೆಯಲಿಲ್ಲ. ಬಸ್ಸಿನ ಕಡೆಗೆ ಬೇಗ ಬೇಗ ನಡೆದೆ.