ತೊರೆಗೆ ಕಟ್ಟಿದ ಬಿಳಿ ಬಟ್ಟೆ

ಸೈನಾಬು ಅಕ್ಕನ ಹತ್ರ ನಾನು ಮೊದಲ ಸಲ ಬೈಸ್ಕೊಂಡಿದ್ದು ಸೊಪ್ಪಿನ ವಿಷಯಕ್ಕೆ. ವಸಂತ ಬಂತು ಅಂದ್ರೆ ಐರ್ಲೆಂಡಲ್ಲಿ ನಾವಿರೋ ಸ್ಯಾಂಟ್ರಿಯ ಪಾರ್ಕಲ್ಲಿ ಮರಗಳ ಬುಡಕ್ಕೆ ಬೆಳ್ಳುಳ್ಳಿ ಘಮದ ಒಂದು ಕಾಡುಸೊಪ್ಪು ಹುಲುಸಾಗಿ ಬರುತ್ತೆ. ಪುಕ್ಕಟೆ ಸೊಪ್ಪು ಕಂಡ್ರೆ ಮೈಸೂರಿನ ಹೆಂಗಸು ಬಿಡ್ತಾಳಾ? ಚಟ್ನಿಗಾಯ್ತು ಅಂತ ಬುಡಸಮೇತ ಕೀಳ್ತಾ ಕೂತಿದ್ದೆ. ಹಿಂದಿನಿಂದ ಒಂದು ಗಡಸು ದನಿ ಬಂತು.

"ಮುಂದಿನ ವರ್ಷ ಏನು ತಿಂತೀಯಾ? ಮಣ್ಣಾ?"

ತಿರುಗಿ ನೋಡಿದ್ರೆ, ನಾನು ಅಡುಗೆಮನೆ ಕೆಲಸ ಮಾಡೋ ನರ್ಸಿಂಗ್ ಹೋಮಿನಲ್ಲೇ ಕೇರರ್ ಆಗಿದ್ದ ಗ್ಯಾಂಬಿಯಾ ದೇಶದ ಹೆಂಗಸು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ. "ಇದೇನು ನಿಮ್ಮಪ್ಪನ ತೋಟಾನಾ?" ಅಂತ ಕನ್ನಡದಲ್ಲೇ ಗೊಣಗಿದೆ. ಪದ ಗೊತ್ತಾಗದಿದ್ರೂ ಬೈದಿದ್ದು ಗೊತ್ತಾಗಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಪಕ್ಕದಲ್ಲಿ ಕೂತು, ಒಂದೊಂದು ಗಿಡದಿಂದ ಒಂದೊಂದೇ ಎಲೆ ಕಿತ್ತು ನನ್ನ ಚೀಲ ತುಂಬಿಸಿದಳು. ಗಿಡಗಳು ಇದ್ದ ಹಾಗೇ ಇದ್ದವು. ಅವತ್ತಿಂದ ಅವಳು ನನಗೆ ಅಕ್ಕ, ನಾನು ಅವಳಿಗೆ ಜಯಾ. ಜಯಶೀಲಾ ಅನ್ನೋಕೆ ಅವಳ ನಾಲಿಗೆ ಹೊರಳ್ತಿರಲಿಲ್ಲ.

ಮಾತೆಲ್ಲ ಇಂಗ್ಲಿಷಲ್ಲೇ. ನಂದು ಮೈಸೂರು ಇಂಗ್ಲಿಷು, ಅವಳದ್ದು ಗ್ಯಾಂಬಿಯಾ ಇಂಗ್ಲಿಷು. ಮನಸ್ಸಲ್ಲಿ ಕೂತಿರೋದು ಮಾತ್ರ ಕನ್ನಡದಲ್ಲಿ, ಅದನ್ನೇ ಬರೀತಿದೀನಿ.

ಅಕ್ಕನ ಊರಿನ ಪಕ್ಕ ಸಮುದ್ರದ ನೀರು ಬಂದು ಹೋಗೋ ಒಂದು ತೊರೆ ಇದೆಯಂತೆ. ಎರಡೂ ದಡದಲ್ಲಿ ಕಾಂಡ್ಲಾ ಗಿಡ, ಉಪ್ಪು ನೀರಲ್ಲೇ ಬೇರು ಬಿಟ್ಟು ನಿಲ್ಲೋ ಮ್ಯಾಂಗ್ರೋವ್. ಆ ಗಿಡದ ಬೇರುಗಳಿಗೆ ಸಿಂಪಿ ಅಂಟಿಕೊಂಡು ಬೆಳೆಯುತ್ತೆ, ಆಯ್ಸ್ಟರ್ ಅಂತಾರಲ್ಲ, ಅದು. ಅದನ್ನ ಬಿಡಿಸಿ, ಬೇಯಿಸಿ, ಮಾರಿ ಬದುಕೋದು ಅಲ್ಲಿನ ಹೆಂಗಸರು. ಅಕ್ಕ ಚಿಕ್ಕವಳಿದ್ದಾಗ ಮೀನಿಗೆ ಹೊಗೆ ಹಾಕಿ ಒಣಗಿಸೋಕೆ ಅಂತ ಕಾಂಡ್ಲಾ ಕಡಿದೂ ಕಡಿದೂ ದಡ ಬೋಳಾಯ್ತು. ಗಿಡ ಹೋಯ್ತು, ಅದರ ಜೊತೆ ಸಿಂಪಿನೂ ಹೋಯ್ತು. ಆಗ ಅವಳಮ್ಮ ಊರಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು, ಮೊಣಕಾಲುದ್ದ ಕೆಸರಲ್ಲಿ ನಿಂತು ಸಸಿ ನೆಟ್ಟಳು. ಸರ್ಕಾರದೋರು ಯಾರೂ ಹೇಳಿರಲಿಲ್ಲ. ಗಂಡಸರು ದಡದಲ್ಲಿ ಕೂತು ನಗ್ತಿದ್ರಂತೆ. ನಕ್ಕೋರೇ ಆಮೇಲೆ ಚಪ್ಪರಿಸಿಕೊಂಡು ತಿಂದರು, ಬಿಡಿ.

ತೊರೆಗೆ ಜೀವ ಬಂದ ಮೇಲೆ ಹೆಂಗಸರೇ ಕೂತು ಒಂದು ಕಟ್ಟುಪಾಡು ಮಾಡಿಕೊಂಡರು. ಮಳೆ ಶುರುವಾದಾಗ ಅಕ್ಕನ ಅಮ್ಮ ತೊರೆಯ ಬಾಯಲ್ಲಿ ಒಂದು ಗಳು ನೆಟ್ಟು ಬಿಳಿ ಬಟ್ಟೆ ಕಟ್ಟುತ್ತಾಳೆ. ಅದು ಇರೋ ತನಕ ಯಾರೂ ಸಿಂಪಿ ಮುಟ್ಟೋ ಹಾಗಿಲ್ಲ, ಅದು ಬೆಳೀಬೇಕು. ಬೇಸಿಗೆ ಮೊದಲಾದಾಗ ಅವಳೇ ಉಪ್ಪು ನೀರಲ್ಲಿ ನಿಂತು ಗಂಟು ಬಿಚ್ಚಬೇಕು. ಪೊಲೀಸಿಲ್ಲ, ಬೇಲಿ ಇಲ್ಲ, ಒಂದು ಗೇಣು ಬಟ್ಟೆ ಅಷ್ಟೇ. ಅಮ್ಮನ ನಂತರ ಆ ಕೈ, ಅಂದ್ರೆ ಕಟ್ಟಿ ಬಿಚ್ಚೋ ಹಕ್ಕು, ಮಗಳದ್ದು. ಮಗಳು ಅಂದ್ರೆ ಸೈನಾಬು ಅಕ್ಕ.

ಗಂಡ ಸತ್ತ ಮೇಲೆ ಕೆಲಸ ಹುಡುಕಿಕೊಂಡು ಐರ್ಲೆಂಡಿಗೆ ಬಂದವಳು ಅವಳು. ಮುದುಕರಿಗೆ ಸ್ನಾನ ಮಾಡಿಸೋದು, ಹಾಸಿಗೆ ಬದಲಿಸೋದು, ಊಟ ಮಾಡಿಸೋದು. ಆದ್ರೆ ಟೀ ಟೈಮಲ್ಲಿ ಏಪ್ರನ್ ದಾರ ಬೆರಳಿಗೆ ಸುತ್ತಿ ಅದೇ ಗಂಟು ಹಾಕಿ ಬಿಚ್ಚಿ ಮಾಡ್ತಿರೋಳು. ಅಮ್ಮ ಕಲಿಸಿದ ಗಂಟು, ಎಂಥ ಗಾಳಿಗೂ ಬಿಚ್ಚಲ್ಲ, ಗೊತ್ತಿರೋಳು ಒಂದು ತುದಿ ಎಳೆದ್ರೆ ಸಾಕು. "ಇಲ್ಲಿ ನಾನು ಯಾರೋ ಒಬ್ಬ ಕೇರರ್. ಅಲ್ಲಿ ನಾನು ತೊರೆ ಕಾಯೋಳು" ಅನ್ನೋಳು. ನಾನೋ ಮೊಟ್ಟೆನೂ ಮುಟ್ಟದವಳು. ಆದ್ರೂ ಅವಳ ಕತೆ ಕೇಳಿ ಕೇಳಿ ಸಿಂಪಿ ಸೀಸನ್ನಿಗೆ ನಾನೂ ಕಾಯೋ ಹಾಗಾಗಿತ್ತು. "ಮುಂದಿನ ವಾರದಿಂದ ನೀನೂ ತಿನ್ನೋಕೆ ಶುರು ಮಾಡ್ತೀಯಾ" ಅಂತ ನನ್ನ ಗಂಡ ಶ್ರೀಕಂಠ ರೇಗಿಸ್ತಿದ್ರು.

ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ ಅವಳಮ್ಮ ತೀರಿಕೊಂಡರು. ಅವರಲ್ಲಿ ಹೋದ ದಿನವೇ ಮಣ್ಣು ಮಾಡ್ತಾರೆ, ಓಡಿದ್ರೂ ಮುಖ ಸಿಗ್ತಿರಲಿಲ್ಲ. "ಮಾರ್ಚ್ ಕೊನೇಲಿ ಹೋಗಿ ಗಂಟು ಬಿಚ್ತೀನಿ. ಅದೇ ನನ್ನಮ್ಮನಿಗೆ ಮಾಡೋದು" ಅಂತ ರಜಾ ಬರೆದುಕೊಟ್ಟಳು. ಅಷ್ಟರಲ್ಲಿ ಬಂತಲ್ಲ ಆ ಹಾಳು ರೋಗ! ಇಲ್ಲಿ ಲಾಕ್‌ಡೌನ್, ಅಲ್ಲಿ ವಿಮಾನ ಇಳಿಯೋ ಹಾಗೇ ಇಲ್ಲ. ಟಿಕೆಟ್ ರದ್ದಾಯ್ತು.

ಏಪ್ರಿಲಲ್ಲಿ ನಮ್ಮ ನರ್ಸಿಂಗ್ ಹೋಮಲ್ಲಿ ಒಂದೊಂದೇ ರೂಮು ಖಾಲಿಯಾಗ್ತಾ ಬಂತು. ನಾನು ಕಡಿಮೆ ತಟ್ಟೆ ಜೋಡಿಸ್ತಾ ಅಳ್ತಿದ್ದೆ. ಅಕ್ಕ ಮಕ್ಕಳು ಬರಲಾಗದ ಮುದುಕರ ಕೈ ಹಿಡಿದು ಕೊನೇ ತನಕ ಕೂತಿರೋಳು. ಎಷ್ಟು ಜನಕ್ಕೆ ಹಂಗೆ ಕೂತಳೋ, ತನ್ನಮ್ಮನಿಗೆ ಕೂರಲಾಗದವಳು.

ಅಷ್ಟು ದಿನವೂ ಊರಿಂದ ಅವಳ ಚಿಕ್ಕಮ್ಮನ ಮಗಳು ಜಾಬು ಫೋನ್ ಮಾಡ್ತಿದ್ದಳು. ಟೂರಿಸ್ಟರಿಲ್ಲ, ಹೋಟೆಲ್ ಮುಚ್ಚಿವೆ, ಮೀನಿನ ಸಂತೆ ನಿಂತಿದೆ. ಊರಲ್ಲಿ ಒಪ್ಪೊತ್ತಿನ ಊಟ. ತೊರೆಯಲ್ಲಿ ಸಿಂಪಿ ಬಲಿತು ತುಂಬಿಕೊಂಡಿದೆ. ಬಿಳಿ ಬಟ್ಟೆ ಹಾಗೇ ಇದೆ.

"ಯಾರೂ ಕೈ ಹಾಕಿಲ್ಲ. ನಿನಗೇ ಕಾಯ್ತಿದೀವಿ" ಅಂದಳಂತೆ ಜಾಬು.

ಬೈದಿದ್ರೆ ಚೆನ್ನಾಗಿರ್ತಿತ್ತು. ಹಸಿದುಕೊಂಡು ಮರ್ಯಾದೆಯಿಂದ ಕಾಯ್ತಿದೀವಿ ಅಂದ್ರೆ ಯಾರಿಗೆ ತಡೆಯೋಕಾಗುತ್ತೆ? ನನಗೆ ರೇಗಿತು. "ಅದೇನು ಕರ್ಮ ಅಕ್ಕಾ! ಜಾಬುನೇ ಬಿಚ್ಚಲಿ ಈ ವರ್ಷ. ಮುಂದಿನ ವರ್ಷ ನೀನು ಹೋಗಿ ಬಿಚ್ಚು" ಅಂದೆ.

ಅಕ್ಕ ತಲೆ ಅಲ್ಲಾಡಿಸಿದಳು. ಹಾಗೆ ಸಾಲ ಕೊಡೋ ಕೈ ಅಲ್ಲವಂತೆ ಅದು. ಕಾಯೋ ಮನೆಯವಳು ಉಪ್ಪು ನೀರಲ್ಲಿ ನಿಂತು "ನಮ್ಮ ಮನೆಯ ಕೈ ಎತ್ತಿದೆವು" ಅಂದ್ರೆ ಮಾತ್ರ ಬೇರೆ ಮನೆಯವರು ಬಿಚ್ಚಬಹುದು. ಒಂದು ಸಲ ಎತ್ತಿದ ಕೈ ಆ ಮನೆಗೆ ಮತ್ತೆ ಬರಲ್ಲ. ಇಲ್ಲಾಂದ್ರೆ ದಿನಕ್ಕೊಬ್ಬರು ಬಿಚ್ಚೋರು, ದಿನಕ್ಕೊಬ್ಬರು ಕಟ್ಟೋರು ಆಗಿ ತೊರೆ ಮತ್ತೆ ಬೋಳಾಗುತ್ತೆ ಅಂತ ಈ ಕಟ್ಟುಪಾಡು ಹಾಕಿಸಿದವರು ಅವಳಮ್ಮನೇ.

ಸುಮ್ಮನೆ ಕಾದರೆ ಜೂನಲ್ಲಿ ಮಳೆ ಬಂದು ಸೀಸನ್ ಮುಗಿಯುತ್ತೆ, ಊರು ಹಸಿಯುತ್ತೆ. ಕೈ ಎತ್ತಿದ್ರೆ, ಇಷ್ಟು ವರ್ಷ ಇಲ್ಲಿ ಎದೆಯಲ್ಲಿ ಇಟ್ಟುಕೊಂಡಿದ್ದ ತೊರೆ ಕಾಯೋಳ ಜಾಗ ಹೋಗುತ್ತೆ. ಆಮೇಲೆ ಅವಳು ಟೀ ಟೈಮಲ್ಲಿ ದಾರ ಸುತ್ತೋದು ಬಿಟ್ಟಳು.

ಮೇ ತಿಂಗಳಲ್ಲಿ ಮನೆಯಿಂದ ಎರಡು ಕಿಲೋಮೀಟರ್ ಅಂತ ಇದ್ದ ನಿರ್ಬಂಧ ಐದಕ್ಕೆ ಸಡಿಲವಾಯ್ತು. ಕ್ಲಾಂಟಾರ್ಫಿನ ಸಮುದ್ರದ ದಂಡೆ ಆ ಐದರ ಒಳಗೇ ಸಿಗ್ತಿತ್ತು. "ಜಯಾ, ನನ್ನ ಜೊತೆ ಬರ್ತೀಯಾ?" ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ.

ಒಂದು ಬೆಳಿಗ್ಗೆ ಹೊರಟೆವು, ಇಬ್ಬರ ನಡುವೆ ಆರಡಿ ಬಿಟ್ಟು, ಕೋಪ ಮಾಡಿಕೊಂಡ ಓರಗಿತ್ತಿಯರ ಹಾಗೆ. ದಾರಿಯಲ್ಲಿ ಒಬ್ಬ ಗಾರ್ಡಾ, ಇಲ್ಲಿನ ಪೊಲೀಸ್, ಎಲ್ಲಿಗೆ ಅಂದ. "ಸಮುದ್ರದಲ್ಲಿ ಕಾಲು ಅದ್ದೋಕೆ" ಅಂದಳು ಅಕ್ಕ. "ಗ್ರ್ಯಾಂಡ್, ಹುಷಾರು" ಅಂತ ಬಿಟ್ಟ. ಇಲ್ಲಿನೋರ ಬಾಯಲ್ಲಿ ಗ್ರ್ಯಾಂಡ್ ಅಂದ್ರೆ ಸರಿ ಅಂತ.

ನೀರು ಇಳಿದಿತ್ತು. ಕೆಸರು ವಾಸನೆ. ಅಕ್ಕ ನಿಂತು ಆ ವಾಸನೆ ಎಳೆದುಕೊಂಡಳು. ಶೂ ಬಿಚ್ಚಿ, ಪ್ಯಾಂಟು ಮಡಚಿ, ಕೊರೆಯೋ ನೀರಿಗೆ ಮೊಣಕಾಲು ತನಕ ಇಳಿದು, ವಿಡಿಯೋ ಕಾಲ್ ಮಾಡಿ ಫೋನ್ ಎತ್ತಿ ಹಿಡಿದಳು. ಆ ಕಡೆ ಅವರ ತೊರೆಯಲ್ಲಿ ಹೆಂಗಸರೆಲ್ಲ ನೀರಲ್ಲಿ ನಿಂತಿದ್ರು, ಗಳುವಿನ ಪಕ್ಕ ಜಾಬು.

ಅಕ್ಕ ಅವಳ ಭಾಷೆಯಲ್ಲಿ ಒಂದೇ ಮಾತು ಹೇಳಿದಳು. ನನಗೆ ಭಾಷೆ ಬರಲ್ಲ, ಆದ್ರೆ ಬಲಗೈ ಮೇಲೆತ್ತಿದ್ದು ಕಂಡಿತು. ಜಾಬು ಗಂಟಿನ ತುದಿ ಹುಡುಕಿದಳು, ಸಿಗಲಿಲ್ಲ. ಅಕ್ಕ ಫೋನಿಗೆ ಬಾಯಿ ಹತ್ತಿರ ತಂದು ಹೇಳಿಕೊಟ್ಟಳು. ಮೆಲ್ಲಗೆ, ಮುದುಕರಿಗೆ ಗಂಜಿ ಕುಡಿಸುವಾಗ ಮಾತಾಡ್ತಾಳಲ್ಲ, ಹಾಗೆ. ಬಟ್ಟೆ ಬಿಚ್ಚಿಕೊಂಡಿತು. ಆ ಹೆಂಗಸರು ಕೂಗಿದ ಕೂಗು ಅಳುವೋ ಹಾಡೋ ನನಗೆ ತಿಳಿಯಲಿಲ್ಲ. ಬುಟ್ಟಿ ಹಿಡಿದು ಬೇರುಗಳ ಕಡೆ ನುಗ್ಗಿದರು.

ಮೇಲೆ ಬಂದ ಅಕ್ಕನ ಬೆರಳು ಚಳಿಗೆ ಮರಗಟ್ಟಿ ಹೋಗಿದ್ದವು. ಕಲ್ಲಿನ ಮೇಲೆ ಕೂತು ಶೂ ಲೇಸು ಕಟ್ಟೋಕೆ ನೋಡಿದಳು, ಆಗಲಿಲ್ಲ. ಮತ್ತೆ ನೋಡಿದಳು. ಆ ಗಂಟು ಬಲ್ಲ ಕೈ! ಆರಡಿ ಹಾಳಾಗಿ ಹೋಗಲಿ ಅಂತ ಹತ್ತಿರ ಹೋಗಿ, ಮಂಡಿಯೂರಿ ನಾನೇ ಕಟ್ಟಿದೆ. ಮಾಸ್ಕ್ ಒಳಗೆ ಮೂಗು ಸೋರ್ತಿತ್ತು.

"ಇನ್ನು ಊರಿಗೆ ಹೋದ್ರೆ ನನಗೆ ಚಾಪೆ ಹಾಸ್ತಾರೆ ಜಯಾ. ಎಲ್ಲರಿಗಿಂತ ಮೊದಲು ನನಗೇ ಬಡಿಸ್ತಾರೆ" ಅಂದಳು.

"ಒಳ್ಳೇದೇ ಆಯ್ತಲ್ಲ ಅಕ್ಕಾ."

ಅವಳು ಸಮುದ್ರದ ಕಡೆ ನೋಡ್ತಿದ್ದಳು. "ನೆಂಟರಿಗೆ ಹಾಗೆ ಮಾಡ್ತಾರೆ" ಅಂದಳು.