ಸತ್ತವನನ್ನು ಮತ್ತೆ ಸಾಯಿಸಿದರು
ಟೈಲರಮ್ಮನ ಧಾರಾವಾಹಿ ಶುರುವಾಯಿತೆಂದರೆ ಹೊಲಿಗೆ ಮಿಷನ್ನಿನ ಚಕ್ರ ನಿಲ್ಲುತ್ತದೆ; ಅಳತೆ ಕೊಡಲು ಬಂದವರು ಕೈ ಎತ್ತಿದ್ದರೆ ಎತ್ತಿದ ಹಾಗೇ ನಿಂತಿರಬೇಕು. ಅದರಲ್ಲಿ ಸತ್ತುಹೋದ ಗಂಡನೊಬ್ಬ ದೆವ್ವವಾಗಿ ದಿನಾ ಸಂಜೆ ಹೆಂಡತಿಯನ್ನು ನೋಡಲು ಬರುತ್ತಾನೆ. ಅವನು ಬಾಗಿಲಲ್ಲಿ ಕಂಡರೆ ಸಾಕು, ಟೈಲರಮ್ಮ ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿಗಳನ್ನು ತೆಗೆದಿಟ್ಟು, "ಬಂದ ನೋಡಿ ನಮ್ಮ ಹುಡುಗ" ಎಂದು ಮುಖ ಅರಳಿಸುತ್ತಾಳೆ. ಧಾರಾವಾಹಿಯಲ್ಲಿ ಅವನನ್ನು ಕಂಡರಾಗದ ಮಂತ್ರವಾದಿಯ ಪರ ಮಾತಾಡಿದ ಪಕ್ಕದ ಮನೆಯಾಕೆಯ ರವಿಕೆಗೆ ಇವತ್ತಿಗೂ ಹುಕ್ಕು ಬಿದ್ದಿಲ್ಲ. ಮೊನ್ನೆ ಆ ಮಂತ್ರವಾದಿ ದೆವ್ವವನ್ನೇ ಸುಟ್ಟು ಬೂದಿ ಮಾಡಿಬಿಟ್ಟ. ಅಂದಿನಿಂದ ಟೈಲರಮ್ಮ ಕೆಂಡಾಮಂಡಲ. ಸಿಟ್ಟಿನ ಭರದಲ್ಲಿ ಒಂದು ಅಂಗಿಗೆ ಎರಡು ಕಡೆಗೂ ಬಲಗೈ ತೋಳನ್ನೇ ಹೊಲಿದಳು. "ಸತ್ತವನನ್ನ ಇನ್ನೊಂದು ಸಲ ಸಾಯಿಸ್ತಾರಲ್ಲ, ಏನು ರೋಗ ಬಂದಿತ್ತು ಇವರಿಗೆ?" ಎಂದು ಬಂದವರ ಮೇಲೆಲ್ಲ ಹರಿಹಾಯ್ದಳು. "ಅವನು ನಟ ಅತ್ತೆ, ಬೇರೆ ಸೀರಿಯಲ್‌ನಲ್ಲಿ ಬರ್ತಾನೆ ಬಿಡಿ" ಎಂದು ನಕ್ಕ ಸೊಸೆಯನ್ನು, "ಬಂದ್ರೆ ಆ ನಟ ಬರ್ತಾನೆ ಕಣೇ, ನಮ್ಮ ಹುಡುಗ ಬರ್ತಾನಾ?" ಎಂದು ಗದರಿದಳು. ಕೊನೆಗೆ ಅದೇ ಸೊಸೆಯ ಕೈಯಲ್ಲಿ ಟೀವಿಯವರಿಗೆ ಫೋನು ಮಾಡಿಸಿ ತಾನು ಕಸಿದುಕೊಂಡು ಬಾಯಿಗೆ ಬಂದಂತೆ ಬೈದಳು. ಆ ಕಡೆಯ ಹುಡುಗಿ ಎಲ್ಲ ಕೇಳಿಸಿಕೊಂಡು, "ಏನ್ಮಾಡೋದಮ್ಮಾ, ಕಥೆ ಮುಂದಕ್ಕೆ ಹೋಗ್ಬೇಕಲ್ಲ" ಅಂದಳು. ಟೈಲರಮ್ಮನ ದನಿ ಇನ್ನೂ ಏರಿತು. "ನಮ್ಮನೆಯವ್ರು ಹೋದಾಗ್ಲೂ ಎಲ್ಲಾರೂ ಇದನ್ನೇ ಅಂದ್ರು. ಆಗಿದ್ದಾಯ್ತು, ಮುಂದಿಂದು ನೋಡು ಅಂತ. ಅತ್ತು ಮುಗೀತಾ ಅಂತ ಒಬ್ಬರಾದ್ರೂ ಕೇಳಿದ್ರಾ?" ಆ ಹುಡುಗಿ ಫೋನು ಇಡದೆ, "ಅತ್ತು ಮುಗೀತಾ ಅಮ್ಮಾ?" ಎಂದು ಕೇಳಿದಳು.